ಬೀರುವಿನ ಹಿಂದಿನ ಗೋಡೆ

ಪುನರ್ವಸು ಮಳೆ ಜೋರು ಹಿಡಿದ ವಾರ ತೀರ್ಥಹಳ್ಳಿ ಹತ್ತಿರದ ತವರುಮನೆಗೆ ಹೋಗಿದ್ದೆವು. ಮೂರು ದಿನ ಬಿಟ್ಟು ಶಿವಮೊಗ್ಗಕ್ಕೆ ಬಂದು ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಗೋಣಿಚೀಲ ನೆನೆದು, ಬಿಸಿಲು ಕಾಣದೆ, ಮೂಲೆಯಲ್ಲಿ ಬಿದ್ದಿದ್ದರೆ ಬರುತ್ತಲ್ಲ, ಅದೇ ವಾಸನೆ. ನಮ್ಮನೆಯವರು ಚೀಲ ಕೆಳಗಿಡುವ ಮೊದಲೇ "ಎಲ್ಲೋ ಇಲಿ ಸತ್ತಿದೆ" ಅಂದರು. ಸರಿ, ಇಲಿ ಹುಡುಕಲು ಶುರು ಮಾಡಿದೆವು. ಮಂಚದ ಕೆಳಗೆ, ಫ್ರಿಜ್ ಹಿಂದೆ, ಅಟ್ಟದ ಮೇಲೆ, ಎಲ್ಲೂ ಇಲ್ಲ. ಕೊನೆಗೆ ಮಲಗುವ ಕೋಣೆಯ ಬೀರುವನ್ನು ಇಬ್ಬರೂ ಸೇರಿ ಎಳೆದೆವು.

ಇಲಿ ಇರಲಿಲ್ಲ. ಬೀರು ಎಷ್ಟು ಎತ್ತರವೋ ಅಷ್ಟೆತ್ತರಕ್ಕೆ ಗೋಡೆ ಕಪ್ಪಾಗಿತ್ತು. ಸಾಸಿವೆ ಚೆಲ್ಲಿದ ಹಾಗೆ ಚುಕ್ಕಿ ಚುಕ್ಕಿ, ಕೆಳಗೆ ಹೋದ ಹಾಗೆ ಚುಕ್ಕಿಗಳೆಲ್ಲ ಕೂಡಿಕೊಂಡು ಒಂದೇ ಕಂಬಳಿ. ಬೀರು ತೆಗೆದರೆ ಮದುವೆಯಲ್ಲಿ ಅಮ್ಮ ಕೊಟ್ಟ ರೇಷ್ಮೆ ಸೀರೆಯ ಮಡಿಕೆಯ ಮೇಲೆ ಬಿಳಿ ಪುಡಿ. ಇವರ ಚರ್ಮದ ಬೆಲ್ಟು ಹಸಿರಾಗಿತ್ತು.

ಬೂಷ್ಟು ನನಗೇನು ಹೊಸದಲ್ಲ. ಮಳೆಗಾಲದಲ್ಲಿ ಚಪ್ಪಲಿಗೆ, ಪುಸ್ತಕಕ್ಕೆ, ದೇವರ ಮನೆಯ ಮಣೆಗೆ ಬೂಷ್ಟು ಬರುವುದನ್ನು ನೋಡುತ್ತಲೇ ಬೆಳೆದವಳು ನಾನು. ಆದರೆ ಮಗನಿಗೆ ಜೂನ್ ಕೊನೆಯಿಂದ ರಾತ್ರಿ ಕೆಮ್ಮು ಬಿಟ್ಟಿರಲಿಲ್ಲ. ಎರಡು ಸಲ ಸಿರಪ್ ಬದಲಾಯಿಸಿದ್ದ ಡಾಕ್ಟರು ಮೂರನೇ ಸಲ ಸಿರಪ್ ಬರೆಯುವ ಮೊದಲು, "ಅವನು ಮಲಗೋ ರೂಮಲ್ಲಿ ಗೋಡೆ ಥಂಡಿ ಇದೆಯಾ?" ಅಂತ ಕೇಳಿದ್ದರು. ನಾನು ಇಲ್ಲ ಅಂದಿದ್ದೆ. ಬೀರುವಿನ ಹಿಂದೆ ಯಾರು ನೋಡುತ್ತಾರೆ?

ನನ್ನ ತಪ್ಪೂ ಒಂದಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಮನೆ ನೋಡಿದ್ದು ಫೆಬ್ರವರಿಯಲ್ಲಿ. ಹೊಸದಾಗಿ ಪೇಂಟ್ ಹೊಡೆದಿದ್ದರು, ಕಿಟಕಿಯಿಂದ ಬಿಸಿಲು, ಮಗನ ಶಾಲೆ ಹತ್ತಿರ, 13 ಸಾವಿರ ಬಾಡಿಗೆ. ಎಲ್ಲರೂ ಮಾಡುವ 11 ತಿಂಗಳ ಕರಾರು. (ಒಂದು ವರ್ಷ ಮೀರಿದರೆ ಕರಾರನ್ನು ನೋಂದಣಿ ಮಾಡಿಸಬೇಕಾಗುತ್ತದೆ, ಅದಕ್ಕೇ ಈ 11.) ಮಲೆನಾಡಲ್ಲಿ ಹುಟ್ಟಿ ಬೆಳೆದವಳು ಬೇಸಿಗೆಯಲ್ಲಿ ಮನೆ ನೋಡಿ ಒಪ್ಪಿಕೊಂಡಿದ್ದು ದಡ್ಡತನ. ಹೊಸ ಪೇಂಟ್ ಯಾಕೆ ಹೊಡೆದಿದ್ದರು ಅಂತ ಆಗ ಕೇಳಲೂ ಇಲ್ಲ.

ಮಾಲೀಕರಿಗೆ ಫೋಟೋ ಕಳಿಸಿದೆ. ಭದ್ರಾವತಿಯಲ್ಲಿರುವ ನಿವೃತ್ತರು, ಮಾತು ಮೆತ್ತಗೆ, ದುಡ್ಡು ಗಟ್ಟಿ. ಅವರೇ ಫೋನ್ ಮಾಡಿದರು.

"ಮಲ್ನಾಡಲ್ಲಿ ಬೂಷ್ಟು ಬರ್ದೇ ಇರೋ ಮನೆ ಎಲ್ಲಿದೆ ಹೇಳಮ್ಮ? ನೀವು ಒಳಗೆ ಬಟ್ಟೆ ಒಣಗಿಸ್ತೀರಿ, ಕಿಟಕಿ ತೆಗೆಯಲ್ಲ, ಗೋಡೆ ಇನ್ನೇನು ಮಾಡುತ್ತೆ?"

"ಸರ್, ಹಾಲ್ ಗೋಡೆಯೂ ಒದ್ದೆಯಾಗಿದೆ. ಅಲ್ಲಿ ನಾವು ಬಟ್ಟೆ ಹಾಕಲ್ಲ."

"ಹಾಗಿದ್ರೆ ಒಂದು ರಿಪೋರ್ಟ್ ಮಾಡಿಸಿ ತೋರ್ಸಮ್ಮ. ಮನೆದೇ ದೋಷ ಅಂತ ಬರಲಿ, ನಾನೇ ಸರಿ ಮಾಡಿಸ್ತೀನಿ."

ಅವರು ಸುಮ್ನೆ ಮಾತು ತಪ್ಪಿಸಲು ಹೇಳಿದ್ದು ಅಂತ ಗೊತ್ತಿತ್ತು. ಆದರೂ ನನಗೆ ಹಟ ಬಂತು. ರಿಪೋರ್ಟ್ ತಾನೇ, ಮಾಡಿಸೋಣ.

ಬೆಂಗಳೂರಿನಲ್ಲಿ ಮನೆಯೊಳಗಿನ ಗಾಳಿ ಪರೀಕ್ಷೆ ಮಾಡುವವರೊಬ್ಬರಿಗೆ ಫೋನ್ ಮಾಡಿದೆ. ಬಂದು ಹೋಗುವ ಖರ್ಚು ಸೇರಿ ಹೇಳಿದ ಮೊತ್ತ ನಮ್ಮ ಒಂದೂವರೆ ತಿಂಗಳ ಬಾಡಿಗೆಗಿಂತ ಜಾಸ್ತಿ. ಏನು ಮಾಡುತ್ತೀರಿ ಅಂತ ಕೇಳಿದೆ. ಆ ಹುಡುಗ ತಾಳ್ಮೆಯಿಂದ ವಿವರಿಸಿದ. ಒಂದು ಸಣ್ಣ ಪಂಪು ನಿಮಿಷಕ್ಕೆ 15 ಲೀಟರ್ ಗಾಳಿ ಎಳೆಯುತ್ತದೆ. 5 ನಿಮಿಷ ಬಿಟ್ಟರೆ 75 ಲೀಟರ್. ಅದರಲ್ಲಿರುವ ಬೂಷ್ಟಿನ ಬೀಜಕಣಗಳು ಅಂಟುಪಟ್ಟಿಗೆ ಅಂಟಿಕೊಳ್ಳುತ್ತವೆ, ಲ್ಯಾಬಿನಲ್ಲಿ ಮೈಕ್ರೋಸ್ಕೋಪ್ ಕೆಳಗೆ ಎಣಿಸುತ್ತಾರೆ. ಒಳಗೊಂದು, ಹೊರಗೊಂದು ಮಾದರಿ ತೆಗೆದು ಎರಡನ್ನೂ ಹೋಲಿಸಬೇಕು.

"ಎಷ್ಟು ಬಂದರೆ ಪಾಸು, ಎಷ್ಟು ಬಂದರೆ ಫೇಲು?" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗೆ ಒಂದು ಸಂಖ್ಯೆ ಇಲ್ಲ ಮೇಡಂ" ಅಂದ. ಪ್ರಾಮಾಣಿಕ ಹುಡುಗ. ಆಮೇಲೆ ನಾನೇ ಓದಿ ನೋಡಿದೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯ ತೇವ ಮತ್ತು ಬೂಷ್ಟಿನ ಬಗ್ಗೆ ಒಂದು ಇಡೀ ಪುಸ್ತಕವನ್ನೇ ಹೊರತಂದಿದೆ. ತೇವ ಇರುವ ಮನೆಗಳಲ್ಲಿ ಕೆಮ್ಮು, ಉಬ್ಬಸ ಜಾಸ್ತಿ, ಆದ್ದರಿಂದ ತೇವವನ್ನೇ ತಡೆಯಿರಿ ಅಂತ ಅದರಲ್ಲಿದೆ. ಇಷ್ಟು ಬೀಜಕಣದವರೆಗೆ ಪರವಾಗಿಲ್ಲ ಅನ್ನುವ ಮಿತಿ ಮಾತ್ರ ಇಲ್ಲ. ನಮ್ಮ ದೇಶದ 2009ರ ಗಾಳಿ ಗುಣಮಟ್ಟದ ಪಟ್ಟಿಯಲ್ಲಿ 12 ಮಾಲಿನ್ಯಗಳಿವೆ, ಬೂಷ್ಟು ಇಲ್ಲ. ಅದು ಹೊರಗಿನ ಗಾಳಿಯ ಪಟ್ಟಿ ಬೇರೆ. ಅಮೆರಿಕದ ಪರಿಸರ ಸಂಸ್ಥೆಯಂತೂ ಕಣ್ಣಿಗೆ ಕಾಣುವ ಬೂಷ್ಟಿದ್ದರೆ ಸಾಮಾನ್ಯವಾಗಿ ಪರೀಕ್ಷೆಯೇ ಬೇಡ ಅನ್ನುತ್ತದೆ. ಕಾಣುತ್ತಿರುವುದನ್ನು 20 ಸಾವಿರ ಕೊಟ್ಟು ಇನ್ನೊಮ್ಮೆ ಯಾಕೆ ಕಾಣಿಸಿಕೊಳ್ಳಬೇಕು, ಅಲ್ವಾ?

ಹಾಗಾಗಿ ಅವರನ್ನು ಕರೆಸಲಿಲ್ಲ. ಕೈಲಾದದ್ದನ್ನು ನಾವೇ ಅಳೆಯೋಣ ಅಂತಾಯಿತು.

ಮೊದಲು ತಂದದ್ದು ತೇವಾಂಶ ತೋರಿಸುವ ಮೀಟರು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಅಗ್ಗ ಅಂತ ಎರಡು ತಂದೆ. ಒಂದೇ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರೆ ಒಂದು 92 ಅನ್ನುತ್ತದೆ, ಇನ್ನೊಂದು 85. ಇವರು ನಕ್ಕರು. ಯಾವುದನ್ನು ನಂಬುವುದು? ಇದಕ್ಕೊಂದು ಹಳೇ ಉಪಾಯವಿದೆ, ಉಪ್ಪಿನದು. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಸರಿನ ಹಾಗೆ ಆಗುವಷ್ಟು ನೀರು ಬಿಡಬೇಕು. ಉಪ್ಪು ಪೂರ್ತಿ ಕರಗಬಾರದು. ಅದನ್ನೂ ಮೀಟರನ್ನೂ ಒಂದು ಬಿಗಿಯಾದ ಡಬ್ಬಿಯಲ್ಲಿಟ್ಟು ರಾತ್ರಿಯೆಲ್ಲ ಬಿಟ್ಟರೆ ಒಳಗಿನ ಗಾಳಿ ಶೇ. 75ಕ್ಕೆ ಬಂದು ನಿಲ್ಲುತ್ತದೆ. ಉಪ್ಪು ಸುಳ್ಳು ಹೇಳುವುದಿಲ್ಲ. ಬೆಳಿಗ್ಗೆ ನೋಡಿದರೆ ಮೊದಲಿನದು 81, ಎರಡನೆಯದು 74. ಅಂದರೆ ಒಂದು 6 ಜಾಸ್ತಿ ತೋರಿಸುತ್ತದೆ, ಇನ್ನೊಂದು 1 ಕಡಿಮೆ. 92ರಲ್ಲಿ 6 ಕಳೆದರೆ 86, 85ಕ್ಕೆ 1 ಕೂಡಿದರೆ 86. ಎರಡೂ ಒಂದೇ ಕಡೆ ಬಂದು ನಿಂತವು. ಶಾಲೆಯಲ್ಲಿ ಲೆಕ್ಕ ಸರಿ ಬಂದಾಗಲೂ ನನಗೆ ಅಷ್ಟು ಖುಷಿ ಆಗಿರಲಿಲ್ಲ.

86 ಅಂದರೆ ಒಳ್ಳೆಯದಲ್ಲ. ಮನೆಯೊಳಗೆ 60ರ ಕೆಳಗಿರಲಿ, 30ರಿಂದ 50 ಇದ್ದರೆ ಇನ್ನೂ ಒಳ್ಳೆಯದು ಅನ್ನುತ್ತಾರೆ. 30 ಅಂದರೆ ನಮ್ಮಲ್ಲಿ ಹಪ್ಪಳ ಒಣಗಿಸುವ ಏಪ್ರಿಲ್ ಮಧ್ಯಾಹ್ನ. ಜುಲೈಯಲ್ಲಿ ಮಲೆನಾಡಿನ ಮನೆ 60ಕ್ಕೆ ಇಳಿಯಬೇಕಾದರೆ ಗಾಳಿಯಿಂದ ನೀರು ಹಿಂಡುವ ಯಂತ್ರವೇ ಬೇಕು. ಅದರ ಬೆಲೆ ಮತ್ತು ಕರೆಂಟ್ ಬಿಲ್ ನೆನೆದು ಸುಮ್ಮನಾದೆ.

ಬೆಂಗಳೂರಿನಲ್ಲಿರುವ ತಮ್ಮ ತನ್ನ ಗಾಳಿ ಅಳೆಯುವ ಯಂತ್ರವನ್ನು ಬಸ್ಸಿನಲ್ಲಿ ಕಳಿಸಿದ. ಪಿಎಂ 2.5 (ಅಂದರೆ ಗಾಳಿಯಲ್ಲಿ ತೇಲುವ, 2.5 ಮೈಕ್ರಾನಿಗಿಂತ ಸಣ್ಣ ಧೂಳು, ಘನ ಮೀಟರಿಗೆ ಎಷ್ಟು ಮೈಕ್ರೋಗ್ರಾಂ ಅಂತ), ಕಾರ್ಬನ್ ಡೈಆಕ್ಸೈಡ್, ಎರಡನ್ನೂ ತೋರಿಸುತ್ತದೆ. ಒಂದು ವಾರ ಮನೆಯಲ್ಲಿ ಅದೇ ಆಟ. ಮಗ ಅದನ್ನು ಹಿಡಿದುಕೊಂಡು ಮನೆಯೆಲ್ಲ ಸುತ್ತಿ ಕೂಗಿ ಹೇಳುತ್ತಿದ್ದ. ಸಾರಿಗೆ ಒಗ್ಗರಣೆ ಹಾಕಿದಾಗ ಪಿಎಂ 240. ಅತ್ತೆ ಊದುಬತ್ತಿ ಹಚ್ಚಿದಾಗ 180. ಸೊಳ್ಳೆಬತ್ತಿ ಹಚ್ಚಿದ ರಾತ್ರಿ ಇಳಿಯಲೇ ಇಲ್ಲ. ಹೊರಗಿನ ಗಾಳಿಗೆ ನಮ್ಮ ದೇಶದ ಮಿತಿ ದಿನದ ಸರಾಸರಿ 60, ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಿತಿ 15 ಅಂತ ಹೇಳಿದರೆ ಅತ್ತೆ "ಹಾಗಾದ್ರೆ ದೇವರಿಗೆ ಏನು ಹಚ್ಚೋದು?" ಅಂದರು. ಮುಂದಿನ ವಾರ ತವರಿಗೆ ಒಯ್ದಿದ್ದೆ. ಅಮ್ಮನ ಸೌದೆ ಒಲೆಯ ಪಕ್ಕ ಅದು 999 ಮುಟ್ಟಿ ನಿಂತಿತು. ಅದಕ್ಕಿಂತ ಮೇಲೆ ಆ ಯಂತ್ರಕ್ಕೆ ಲೆಕ್ಕ ಬರುವುದಿಲ್ಲ. ಹಳೇ ಮನೆ, ಶುದ್ಧ ಗಾಳಿ ಅಂತ ನಾನು ಹೇಳುತ್ತಿದ್ದುದನ್ನು ಅವತ್ತಿಗೆ ನಿಲ್ಲಿಸಿದೆ.

ಅದೇ ಯಂತ್ರ ಒಂದು ಮುಂಜಾನೆ ಬಾಲ್ಕನಿಯಲ್ಲಿ ಮಂಜು ಕವಿದಾಗ 150 ತೋರಿಸಿ ಹೆದರಿಸಿತು. ಒಳಗೆ ಬೆಳಕು ಹಾಯಿಸಿ ಕಣ ಎಣಿಸುವ ಯಂತ್ರ ಅದು, ಮಂಜಿನ ಹನಿಯನ್ನೂ ಧೂಳು ಅಂತಲೇ ಎಣಿಸುತ್ತದೆ. ಬೂಷ್ಟಿನ ಬೀಜಕಣಗಳು ಹೆಚ್ಚಿನವು 2.5 ಮೈಕ್ರಾನಿಗಿಂತ ದಪ್ಪ, ಅವು ಆ ಎಣಿಕೆಗೆ ಸರಿಯಾಗಿ ಸಿಗುವುದೇ ಇಲ್ಲ. ಅಂದರೆ ನಾನು ಹುಡುಕುತ್ತಿದ್ದುದನ್ನು ಬಿಟ್ಟು ಬೇರೆಲ್ಲವನ್ನೂ ಅದು ತೋರಿಸಿತು. ಆದರೂ ಒಂದು ಉಪಕಾರ ಆಯಿತು. ರಾತ್ರಿ ಕೋಣೆ ಬಾಗಿಲು, ಕಿಟಕಿ ಮುಚ್ಚಿ ಮೂವರೂ ಮಲಗಿದರೆ ಬೆಳಿಗ್ಗೆ ಹೊತ್ತಿಗೆ ಕಾರ್ಬನ್ ಡೈಆಕ್ಸೈಡ್ 2,300, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಅಷ್ಟು ಪಾಲು. ಹೊರಗಿನ ಗಾಳಿಯಲ್ಲಿ ಅದು 420ರ ಆಸುಪಾಸು ಇರುತ್ತದೆ, ಒಳಗೆ 1,000 ದಾಟಿದರೆ ಗಾಳಿ ಓಡಾಡುತ್ತಿಲ್ಲ ಅಂತ ಅರ್ಥ. ನಾವು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತಿದ್ದೆವು. ಕಿಟಕಿಯನ್ನು ಎರಡು ಬೆರಳಷ್ಟು ತೆಗೆದಿಟ್ಟ ರಾತ್ರಿ 900 ಬಂತು. ಆ ವಿಷಯದಲ್ಲಿ ಮಾಲೀಕರು ಹೇಳಿದ್ದು ಸರಿ. ಆಗ ಒಪ್ಪಿಕೊಳ್ಳಲಿಲ್ಲ, ಅಷ್ಟೇ.

ನನ್ನ ಗೆಳತಿಯೊಬ್ಬಳು ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುತ್ತಾಳೆ. ಅವಳಿಗೆ ಹೇಳಿದರೆ "ಬೇಡ ಕಣೇ, ಅದರಿಂದ ಏನೂ ಗೊತ್ತಾಗಲ್ಲ" ಅಂದಳು. ನಾನು ಬಿಡಲಿಲ್ಲ. ನಾಲ್ಕು ಪೆಟ್ರಿ ತಟ್ಟೆ ಕೊಟ್ಟಳು. ಆಲೂಗಡ್ಡೆ ರಸ, ಸಕ್ಕರೆ, ಅಗರ್ ಹಾಕಿ ಮಾಡಿದ ಮೇವು, ಬೂಷ್ಟಿಗೆ ಮದುವೆ ಊಟ. ಮಲಗುವ ಕೋಣೆ, ಹಾಲ್, ಅಡುಗೆಮನೆಯಲ್ಲಿ ಒಂದೊಂದು, ತಾರಸಿಯ ಶೀಟಿನ ಕೆಳಗೆ ಒಂದು, ಮುಚ್ಚಳ ತೆಗೆದು ಒಂದು ಗಂಟೆ ಇಟ್ಟು, ಮುಚ್ಚಿ, ಹೆಸರು ಬರೆದು ಅವಳಿಗೆ ಕೊಟ್ಟೆ.

ಐದು ದಿನ ಬಿಟ್ಟು ಕರೆದಳು. ಎಲ್ಲಕ್ಕಿಂತ ಜಾಸ್ತಿ ಬೆಳೆದಿದ್ದು ತಾರಸಿಯ ತಟ್ಟೆಯಲ್ಲಿ! ನನಗೆ ಮುಖವೇ ಇಲ್ಲದಂತಾಯಿತು. ಮಾಲೀಕರಿಗೆ ಇದನ್ನು ತೋರಿಸಿದರೆ "ನೋಡಮ್ಮ, ಮನೆ ಒಳಗೇ ವಾಸಿ" ಅಂದುಬಿಡುತ್ತಾರೆ. ಗೆಳತಿ ನಕ್ಕು ಹೇಳಿದಳು, ಮಳೆಗಾಲದ ಮಲೆನಾಡಲ್ಲಿ ಗಾಳಿ ತುಂಬ ಬೀಜಕಣವೇ, ತಟ್ಟೆ ಎಲ್ಲಿಟ್ಟರೂ ಬೆಳೆಯುತ್ತೆ, ದಪ್ಪ ಬೀಜ ಬೇಗ ಬೀಳುತ್ತೆ, ಸಣ್ಣದು ತೇಲುತ್ತಾ ಹೋಗಿಬಿಡುತ್ತೆ, ಸತ್ತ ಬೀಜ ಬೆಳೆಯೋದೇ ಇಲ್ಲ ಆದರೆ ಅಲರ್ಜಿ ಮಾಡುತ್ತೆ, ಇದನ್ನು ಲೆಕ್ಕ ಅನ್ನಬೇಡ, ಗಿಣಿಶಾಸ್ತ್ರ ಅನ್ನು. ಆದರೆ ಅವಳ ಕಣ್ಣು ಬಣ್ಣದ ಮೇಲಿತ್ತು. ತಾರಸಿಯ ತಟ್ಟೆಯಲ್ಲಿ ಹೆಚ್ಚಿನವು ಕಡು ಆಲಿವ್ ಬಣ್ಣದ ಕ್ಲಾಡೋಸ್ಪೋರಿಯಂ, ಗಿಡದ ಎಲೆ, ಕಸಕಡ್ಡಿಯ ಮೇಲೆ ಬೆಳೆಯುವಂಥದ್ದು. ಕೋಣೆಯ ತಟ್ಟೆಯಲ್ಲಿ ಹಸಿರು, ನೀಲಿ ಹಸಿರು. ಪೆನಿಸಿಲಿಯಂ ಮತ್ತು ಆಸ್ಪರ್ಜಿಲಸ್. ಹೊರಗೆ ಕಡಿಮೆ ಇದ್ದು ಒಳಗೆ ಜಾಸ್ತಿ ಇದ್ದರೆ, ಒಳಗೇ ಎಲ್ಲೋ ಬೆಳೆಯುತ್ತಿದೆ ಅಂತ ಅನುಮಾನ ಪಡಬಹುದು. ಅನುಮಾನ ಅಷ್ಟೇ, ಅಂತ ಮೂರು ಸಲ ಹೇಳಿದಳು.

ಗೋಡೆಯ ಕಪ್ಪಿನ ಮೇಲೆ ಸೆಲ್ಲೋಟೇಪ್ ಒತ್ತಿ ಕಿತ್ತು ತಂದಿದ್ದೆ. ಅದನ್ನು ಗಾಜಿನ ಮೇಲಿಟ್ಟು ನೀಲಿ ಬಣ್ಣದ ದ್ರಾವಣ ಬಿಟ್ಟು ಮೈಕ್ರೋಸ್ಕೋಪಿನಲ್ಲಿ ತೋರಿಸಿದಳು. ಉದ್ದ ಕಡ್ಡಿ, ತುದಿಯಲ್ಲಿ ಗುಂಡು, ಗುಂಡಿನ ಸುತ್ತ ಮಣಿ ಪೋಣಿಸಿದ ಹಾಗೆ ಬೀಜ. ಆಸ್ಪರ್ಜಿಲಸ್. 1729ರಲ್ಲಿ ಮಿಕೆಲಿ ಅನ್ನುವ ಇಟಲಿಯ ಪಾದ್ರಿ ಇದನ್ನು ನೋಡಿ, ಚರ್ಚಿನಲ್ಲಿ ತೀರ್ಥ ಪ್ರೋಕ್ಷಣೆ ಮಾಡುವ ಸಾಧನದ ಹಾಗಿದೆ ಅಂತ ಈ ಹೆಸರಿಟ್ಟನಂತೆ. ನನ್ನ ಗೋಡೆಯ ಮೇಲಿನ ಅಸಹ್ಯ ಅಷ್ಟು ಚೆಂದ ಇರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಮೊಬೈಲ್ ನೋಡಿ ಹೆದರಿದ್ದ 'ವಿಷದ ಕಪ್ಪು ಬೂಷ್ಟು' ಇದಲ್ಲ ಅಂತಲೂ ಹೇಳಿದಳು. ಆ ಸ್ಟ್ಯಾಕಿಬಾಟ್ರಿಸ್‌ಗೆ ದಿನಗಟ್ಟಲೆ ನೆನೆದ ಕಾಗದ, ರಟ್ಟು, ಮರದಂಥದ್ದು ಬೇಕು. ಕಪ್ಪಗಿದ್ದದ್ದೆಲ್ಲ ಅದಲ್ಲ.

ಈ ಸುದ್ದಿ ಅಪ್ಪನಿಗೆ ಮುಟ್ಟಿ ಫೋನ್ ಮಾಡಿದರು. "ಒಂದು ಪರ್ಸೆಂಟ್ ಬೋರ್ಡೋ ಹೊಡೆದುಬಿಡೇ. ಮೈಲುತುತ್ತು ಒಂದು ಕೇಜಿ, ಸುಣ್ಣ ಒಂದು ಕೇಜಿ, ನೂರು ಲೀಟರ್ ನೀರು. ಗೋಡೆ ಸ್ವಲ್ಪ ನೀಲಿ ಆಗುತ್ತೆ ಅಷ್ಟೇ." ಅಡಿಕೆ ಬೆಳೆಗಾರನಿಗೆ ಜಗತ್ತಿನ ಎಲ್ಲಾ ಬೂಷ್ಟೂ ಅಡಿಕೆಯ ಕೊಳೆರೋಗವೇ, ಮದ್ದೂ ಅದಕ್ಕೆ ಹೊಡೆಯುವ ಬೋರ್ಡೋ ದ್ರಾವಣವೇ. ಕೊಳೆರೋಗದ ಜೀವಿ ನಿಜವಾದ ಶಿಲೀಂಧ್ರವೇ ಅಲ್ಲ ಅಂತ ಗೆಳತಿ ಹೇಳಿದ್ದನ್ನು ಹೇಳಿದೆ. "ಏನಾದ್ರೂ ಇರಲಿ, ಹೊಡೀಬೇಕಾದ್ದು ಹೊಡೀಬೇಕು" ಅಂದರು.

ಇಷ್ಟಾದ ಮೇಲೂ ನನ್ನ ಹತ್ತಿರ ಇದ್ದದ್ದು ಬೂಷ್ಟಿದೆ ಅನ್ನುವ ಸುದ್ದಿ ಮಾತ್ರ. ಅದು ಮೊದಲ ದಿನವೇ ಗೊತ್ತಿತ್ತು! ಮಾಲೀಕರು ಕೇಳಿದ್ದು ಬೇರೆ: ತಪ್ಪು ಮನೆಯದೋ ನಿಮ್ಮದೋ? ಗೆಳತಿ ಹೊರಡುವಾಗ ಒಂದು ಮಾತು ಅಂದಿದ್ದಳು. "ಬೂಷ್ಟಿನ ಬೀಜ ಎಲ್ಲಾ ಕಡೆ ಇರುತ್ತೆ, ಅದನ್ನೇನು ಹುಡುಕ್ತೀಯ. ನೀರು ಎಲ್ಲಿಂದ ಬರ್ತಿದೆ ಅಂತ ಹುಡುಕು." ಮೂರು ವಾರ ನಾನು ಗಾಳಿಯ ಹಿಂದೆ ಬಿದ್ದಿದ್ದೆ.

ವಾಟರ್‌ಪ್ರೂಫಿಂಗ್ ಮಾಡುವವರೊಬ್ಬರನ್ನು ಕರೆಸಿದೆವು, ನೋಡಲು ದುಡ್ಡಿಲ್ಲ ಅಂದಿದ್ದರು. ಎರಡು ಮುಳ್ಳಿನ ಮೀಟರನ್ನು ಗೋಡೆಗೆ ಚುಚ್ಚಿದರು, ಚುಚ್ಚಿದಲ್ಲೆಲ್ಲ ಕೂಗಿತು. ಒಣಗಿದ್ದ ಅಡುಗೆಮನೆ ಗೋಡೆಗೂ ಕೂಗಿತು. ಪೂರ್ತಿ ಮನೆಗೆ ಕೋಟಿಂಗ್ ಹೊಡೆಯಬೇಕು ಅಂತ ಹೇಳಿ, ಒಂದು ಮೊತ್ತ ಬರೆದುಕೊಟ್ಟು ಹೋದರು. ಆ ಮೀಟರು ಇರುವುದು ಮುಖ್ಯವಾಗಿ ಮರಕ್ಕೆ. ಗಾರೆಯಲ್ಲಿ ಉಪ್ಪು ಸೇರಿಕೊಂಡಿದ್ದರೆ ತೇವ ಕಡಿಮೆ ಇದ್ದರೂ ಜಾಸ್ತಿ ತೋರಿಸುತ್ತದೆ. ಮಾರಲು ಬಂದವರ ಕೈಯಲ್ಲಿ ಅಂಥ ಮೀಟರು ಇದ್ದರೆ ಇನ್ನು ಕೇಳಬೇಕೆ.

ಕೊನೆಗೆ ಕೆಲಸಕ್ಕೆ ಬಂದದ್ದು ಚಪಾತಿ ಸುತ್ತುವ ಅಲ್ಯುಮಿನಿಯಂ ಫಾಯಿಲ್. ಒಂದಡಿ ಅಗಲ, ಒಂದಡಿ ಉದ್ದ ಕತ್ತರಿಸಿ, ಗೋಡೆಯನ್ನು ಬಟ್ಟೆಯಿಂದ ಒರೆಸಿ, ನಾಲ್ಕೂ ಅಂಚಿಗೆ ಗಾಳಿ ಹೋಗದ ಹಾಗೆ ಟೇಪ್ ಅಂಟಿಸಿ ಎರಡು ದಿನ ಬಿಡಬೇಕು. ಫಾಯಿಲಿನ ಹೊರಮೈ, ಅಂದರೆ ಕೋಣೆಯ ಕಡೆ, ಬೆವರಿದ್ದರೆ ನೀರು ಕೋಣೆಯ ಗಾಳಿಯದು. ಒಳಮೈ, ಗೋಡೆಯ ಕಡೆ, ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಇಷ್ಟೇ. ಬೀರುವಿನ ಹಿಂದೆ ಒಂದು, ಹಾಲ್ ಗೋಡೆಗೆ ಒಂದು ಅಂಟಿಸಿದೆ.

ಮೂರನೇ ದಿನ ಬೆಳಿಗ್ಗೆ ಆರು ಗಂಟೆಗೆ ಟಾರ್ಚ್ ಹಿಡಿದು ನೋಡಿದೆ. ಬೀರುವಿನ ಹಿಂದಿನ ಫಾಯಿಲಿನ ಹೊರಮೈ ಮೇಲೆ ಸಣ್ಣ ಹನಿಗಳು, ಫ್ರಿಜ್ಜಿನಿಂದ ತೆಗೆದ ಬಾಟಲಿಯ ಹಾಗೆ. ಕಿತ್ತರೆ ಹಿಂದೆ ಒಣಗಿತ್ತು. ಹಾಲಿನದ್ದು ಹೊರಗೆ ಒಣ, ಕಿತ್ತರೆ ಹಿಂದೆ ನೀರು ಇಳಿಯಿತು, ಬೆರಳು ಒದ್ದೆಯಾಗುವಷ್ಟು.

ಎರಡು ಗೋಡೆ, ಎರಡು ಬೇರೆ ನೀರು. ಮಾಲೀಕರೂ ಸರಿ, ನಾನೂ ಸರಿ. ಜಗಳಕ್ಕೆ ಇದಕ್ಕಿಂತ ಕೆಟ್ಟ ಉತ್ತರ ಇನ್ನೊಂದಿಲ್ಲ.

ಕೋಣೆಯ ನೀರು ನಮ್ಮದು ಅಂತಾದರೆ ಎಷ್ಟು ನಮ್ಮದು? ಸೂಟ್‌ಕೇಸ್ ತೂಗುವ ಕೈ ತಕ್ಕಡಿ ಇತ್ತು. ಮೆಷಿನ್ನಿನಿಂದ ಹಿಂಡಿ ತೆಗೆದ ಒಂದು ದಿನದ ಬಟ್ಟೆ ತೂಗಿದೆ, 7.1 ಕೇಜಿ. ಕೋಣೆಯಲ್ಲಿ ಹಗ್ಗಕ್ಕೆ ಹಾಕಿ, ಫ್ಯಾನ್ ಬಿಟ್ಟು, ಒಣಗಿದ ಮೇಲೆ ತೂಗಿದೆ, 4.4 ಕೇಜಿ. 2.7 ಲೀಟರ್ ನೀರು ಮನೆಯ ಗಾಳಿಗೆ ಹೋಯಿತು, ಒಂದೇ ದಿನದಲ್ಲಿ. ದೊಡ್ಡ ಚೊಂಬಿನಲ್ಲಿ ನೀರು ತಂದು ಹಾಸಿಗೆಯ ಸುತ್ತ ಚಿಮುಕಿಸಿದ ಹಾಗೆ. ಆ ವಾರ ಹೊರಗೆ 23 ಡಿಗ್ರಿ, ತೇವಾಂಶ 95. ಅದೇ ಗಾಳಿ ಒಳಗೆ ಬಂದು 26 ಡಿಗ್ರಿಗೆ ಬೆಚ್ಚಗಾದರೆ ತೇವಾಂಶ ಸುಮಾರು 80ಕ್ಕೆ ಇಳಿಯಬೇಕು. ನಮ್ಮಲ್ಲಿ 86 ಇತ್ತು. ಮೇಲಿನ ಆ 6 ನಮ್ಮ ಬಟ್ಟೆ, ಸ್ನಾನ, ಅಡುಗೆ, ಉಸಿರು. 26 ಡಿಗ್ರಿಯಲ್ಲಿ 86 ತೇವಾಂಶ ಇರುವ ಗಾಳಿಗೆ ಸುಮಾರು 23.5 ಡಿಗ್ರಿ ತಣ್ಣಗಿರುವ ಯಾವುದು ಸಿಕ್ಕರೂ ಹನಿ ಕಟ್ಟುತ್ತದೆ. ಬೀರುವಿನ ಹಿಂದಿನ ಗೋಡೆ ಉತ್ತರಕ್ಕಿದೆ, ಹೊರಗಿನಿಂದ ಎರಚಲು ಹೊಡೆದು ಸದಾ ತಣ್ಣಗೆ. ಮುಂದೆ ಬೀರು ಒತ್ತಿ ನಿಂತಿದ್ದರಿಂದ ಕೋಣೆಯ ಬೆಚ್ಚಗಿನ ಗಾಳಿ ಅಲ್ಲಿ ಆಡುವುದಿಲ್ಲ. ಬೆವರದೆ ಇನ್ನೇನು ಮಾಡೀತು?

ತವರಿನಲ್ಲಿ ಮಳೆಗಾಲದ ಬಟ್ಟೆ ಒಣಗುವುದು ಬಚ್ಚಲ ಒಲೆಯ ಮೇಲೆ ಕಟ್ಟಿದ ಬಿದಿರಿನ ಗಳದ ಮೇಲೆ. ನೀರಾವಿ ಹಂಚಿನ ಸಂದಿಯಲ್ಲಿ ಹೊಗೆಯ ಜೊತೆ ಹೋಗುತ್ತದೆ. ಬಟ್ಟೆಯೆಲ್ಲ ಹೊಗೆ ವಾಸನೆ, ಅದು ಬೇರೆ ಮಾತು. ಇಲ್ಲಿ ಕಾಂಕ್ರೀಟು, ಗಾಜು, ಅಲ್ಯುಮಿನಿಯಂ ಕಿಟಕಿ. ನೀರಾವಿ ಹೋಗಲು ದಾರಿಯೇ ಇಲ್ಲ.

ಹಾಲ್ ಗೋಡೆಯ ನೀರಿನ ಕಥೆ ಬೇರೆ. ಆ ಗೋಡೆಯ ಆಚೆ ನಮ್ಮ ಬಚ್ಚಲು, ಅದರ ಮೇಲೆ ಮೇಲಿನ ಮನೆಯ ಬಚ್ಚಲು. ಮೇಲಿನ ಮನೆ ಅಕ್ಕ ಒಳ್ಳೆಯವರು. ಹೋಗಿ ವಿಷಯ ಹೇಳಿದೆ. "ಬಾರೇ, ಏನು ಮಾಡ್ಬೇಕೋ ಮಾಡು" ಅಂದರು. ಕೇಸರಿಬಾತಿಗೆ ಹಾಕುವ ಬಣ್ಣ ಒಂದು ಪೊಟ್ಟಣ ಬಕೆಟ್ ನೀರಿಗೆ ಕಲಸಿ ಅವರ ಬಚ್ಚಲಿನ ಮೋರಿಗೆ ಸುರಿದೆವು. ಮರುದಿನವೂ ಒಂದು ಬಕೆಟ್. ಅವರ ಮನೆಯ ನೆಲ ಎರಡು ದಿನ ಅರಿಶಿನ ಶಾಸ್ತ್ರ ನಡೆದ ಹಾಗಿತ್ತು, ಪಾಪ. ಎರಡನೇ ಸಂಜೆ ನಮ್ಮ ಹಾಲಿನ ಮೂಲೆಯಲ್ಲಿ, ಸೀಲಿಂಗ್ ಮತ್ತು ಗೋಡೆ ಸೇರುವಲ್ಲಿ, ಒಂದು ರೂಪಾಯಿ ಅಗಲದ ಕಿತ್ತಳೆ ಕಲೆ ಮೂಡಿತು. ಇವರು ಚಪ್ಪಾಳೆ ತಟ್ಟಿದರು, ಮನೆ ಸೋರುವುದಕ್ಕೆ ಯಾರಾದರೂ ಚಪ್ಪಾಳೆ ತಟ್ಟುತ್ತಾರಾ?

ಕಲೆಯ ಫೋಟೋ, ಎರಡೂ ಫಾಯಿಲಿನ ಫೋಟೋ, ತೂಕದ ಲೆಕ್ಕ, ಉಪ್ಪಿನ ಲೆಕ್ಕ ಎಲ್ಲ ಒಂದು ಹಾಳೆಯಲ್ಲಿ ಬರೆದು ಮಾಲೀಕರಿಗೆ ಕಳಿಸಿದೆ. ಕೋಣೆಯ ಗೋಡೆ ನಮ್ಮ ತಪ್ಪು, ನಾವು ಸರಿ ಮಾಡಿಕೊಳ್ಳುತ್ತೇವೆ, ಹಾಲಿನದ್ದು ಪೈಪಿನದು ಅಂತ ಮೊದಲ ಸಾಲಿನಲ್ಲೇ ಬರೆದೆ. ಇವರಿಗೆ ಅದು ಇಷ್ಟವಾಗಲಿಲ್ಲ, "ನಮ್ಮ ತಪ್ಪು ನಾವೇ ಯಾಕೆ ಹೇಳ್ಬೇಕು" ಅಂದರು. ಆದರೆ ಕೆಲಸ ಮಾಡಿದ್ದು ಆ ಸಾಲೇ. ಭಾನುವಾರ ಮಾಲೀಕರು ತಾವೇ ಬಂದರು, ಪ್ಲಂಬರ್ ಜೊತೆ. ಕಿತ್ತಳೆ ಕಲೆಯನ್ನು ತುಂಬ ಹೊತ್ತು ನೋಡಿ, "ಕೇಸರಿಬಾತಿನ ಬಣ್ಣನಾ?" ಅಂದರು. ಮೇಲಿನ ಮನೆಯ ಬಚ್ಚಲ ಮೋರಿಗೆ ಕೂರಿಸಿದ್ದ ನಾನಿ ಟ್ರಾಪ್ (ನೆಲದ ನೀರು ಪೈಪಿಗೆ ಇಳಿಯುವ ಬಟ್ಟಲು) ಸುತ್ತ ಸಿಮೆಂಟ್ ಬಿಟ್ಟುಕೊಂಡಿತ್ತು. ಆ ಮನೆಯ ಮಾಲೀಕರು ಬೇರೆ, ಇವರಿಬ್ಬರ ನಡುವೆ ಖರ್ಚು ಯಾರದ್ದು ಅಂತ ಹತ್ತು ದಿನ ಫೋನ್ ನಡೆಯಿತು. ಅದರಲ್ಲಿ ನಾನು ಬಾಯಿ ಹಾಕಲಿಲ್ಲ.

ಕೋಣೆಯ ಗೋಡೆ ನಾವೇ ತೊಳೆದೆವು. ಹತ್ತು ಚದರಡಿ ಒಳಗಿದ್ದರೆ ಮನೆಯವರೇ ಮಾಡಿಕೊಳ್ಳಬಹುದು ಅಂತ ಅಮೆರಿಕದವರು ಹೇಳುತ್ತಾರೆ, ನಮ್ಮದು ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಇತ್ತು. ಮಗನನ್ನು ಅತ್ತೆಯ ಜೊತೆ ಊರಿಗೆ ಕಳಿಸಿ, ಎನ್95 ಮಾಸ್ಕ್, ಕೈಗವಸು ಹಾಕಿಕೊಂಡು, ಬಾಗಿಲು ಮುಚ್ಚಿ, ಕಿಟಕಿ ತೆಗೆದು ಮಾಡಿದೆವು. ಒಣಗಿದ್ದಾಗ ಉಜ್ಜಲೇಬಾರದು, ಬೀಜವೆಲ್ಲ ಹಾರುತ್ತದೆ. ಸೋಪಿನ ನೀರು ಹಚ್ಚಿ, ನೆನೆಸಿ, ಬಟ್ಟೆಯಿಂದ ಒರೆಸಿ, ಆ ಬಟ್ಟೆ ಕವರಿಗೆ ಹಾಕಿ ಎಸೆಯುವುದು. ಯಾರೋ ಬ್ಲೀಚಿಂಗ್ ಪೌಡರ್ ಜೊತೆ ಟಾಯ್ಲೆಟ್ ಆಸಿಡ್ ಸೇರಿಸಿ ಹೊಡೆಯಿರಿ, ಎಲ್ಲ ಸಾಯುತ್ತೆ ಅಂದಿದ್ದರು. ಅವೆರಡನ್ನು ಸೇರಿಸಿದರೆ ಬರುವುದು ಕ್ಲೋರಿನ್ ಅನಿಲ, ಬೂಷ್ಟಿಗಿಂತ ಮೊದಲು ಸಾಯುವವರು ನಾವು. ಇದನ್ನು ಮಾತ್ರ ಯಾರೂ ಮಾಡಬೇಡಿ.

ಬೀರುವನ್ನು ಆರು ಇಂಚು ಮುಂದಕ್ಕೆ ತಂದು ಒಳಗೋಡೆಯ ಕಡೆ ತಿರುಗಿಸಿದೆವು. ಬಟ್ಟೆ ಈಗ ಬಚ್ಚಲಲ್ಲಿ, ಬಾಗಿಲು ಮುಚ್ಚಿ, ಎಕ್ಸಾಸ್ಟ್ ಫ್ಯಾನ್ ಬಿಟ್ಟು ಒಣಗುತ್ತದೆ. ಎರಡು ದಿನ ಹಿಡಿಯುತ್ತದೆ, ಶಾಲೆ ಯೂನಿಫಾರ್ಮಿಗೆ ಇಸ್ತ್ರಿಯೇ ಗತಿ. ಮೀಟರು ಆಶ್ಲೇಷಾ ಮಳೆಯಲ್ಲೂ 81 ದಾಟಲಿಲ್ಲ. ಮಗನ ಕೆಮ್ಮು ಕಡಿಮೆಯಾಗಿದೆ. ಆದರೆ ಅದೇ ಹೊತ್ತಿಗೆ ಡಾಕ್ಟರು ಇನ್ಹೇಲರ್ ಕೊಟ್ಟಿದ್ದರು, ಮಳೆಯೂ ಇಳಿದಿತ್ತು. ಹಾಗಾಗಿ ಗೋಡೆ ತೊಳೆದದ್ದರಿಂದಲೇ ಅಂತ ನಾನು ಹೇಳುವುದಿಲ್ಲ. ಅತ್ತೆ ಹೇಳುತ್ತಾರೆ.

ಪೈಪು ಸರಿಯಾದ ವಾರವೇ ಮಾಲೀಕರು ಹಾಲಿಗೆ ಪೇಂಟ್ ಹೊಡೆಸುತ್ತೇನೆ ಅಂದರು. ಪ್ಲಾಸ್ಟಿಕ್ ಪೇಂಟು, ಈಗಲೇ, ಗೌರಿ ಹಬ್ಬದ ಒಳಗೆ. ಬೇಡ ಸರ್, ಗೋಡೆ ಒಣಗಲಿ, ಆಮೇಲೆ ಸುಣ್ಣ ಹೊಡೆಸಿ ಅಂದೆ. ಒದ್ದೆ ಗೋಡೆಗೆ ಪೇಂಟ್ ಹೊಡೆದರೆ ನೀರು ಒಳಗೇ ಉಳಿಯುತ್ತದೆ, ಸುಣ್ಣವಾದರೆ ಗೋಡೆ ಉಸಿರಾಡುತ್ತದೆ, ಅದರ ಕ್ಷಾರಕ್ಕೆ ಬೂಷ್ಟು ಬೇಗ ಹತ್ತುವುದಿಲ್ಲ. "ಈಗಿನ ಕಾಲದಲ್ಲಿ ಸುಣ್ಣ ಯಾರು ಹೊಡೀತಾರಮ್ಮ, ಬಟ್ಟೆಗೆಲ್ಲ ಹತ್ತುತ್ತೆ" ಅಂದರು. ಹತ್ತಲಿ ಅಂದೆ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಹಾಲ್ ಗೋಡೆಗೆ ಫಾಯಿಲ್ ಅಂಟಿಸಿಡುವುದು, ಹಿಂಬದಿ ಪೂರ್ತಿ ಒಣಗಿದ ದಿನ ನಾನು ಫೋಟೋ ಕಳಿಸುವುದು, ಅವತ್ತು ಪೇಂಟರ್‌ಗೆ ಹೇಳುವುದು.

ಮೊನ್ನೆ ಮೂರನೇ ಸಲ ಕಿತ್ತು ನೋಡಿದೆ. ಮೇಲಿನ ಅರ್ಧ ಒಣಗಿದೆ, ಕೆಳಗಿನ ಅರ್ಧ ಇನ್ನೂ ಮಸುಕು ಮಸುಕಾಗಿ ಹಸಿ. ಹೊಸ ತುಂಡು ಕತ್ತರಿಸಿ ಅದೇ ಜಾಗಕ್ಕೆ ಅಂಟಿಸಿದ್ದೇನೆ. ಮನೆಗೆ ಬಂದವರೆಲ್ಲ ಇದೇನು ಹಾಲಿನಲ್ಲಿ ಚಪಾತಿ ಕವರ್ ಅಂತ ಕೇಳುತ್ತಾರೆ.